ಫೇರೋ: ಮನೆಯೊಂದು ದೊರೆಯಾದ ಬಗೆ

ಕ್ರಿ.ಪೂ. 1157ರ ಸುಮಾರು. ಈಜಿಪ್ಟಿನಲ್ಲಿ ಮೂರನೆಯ ರಾಮ್ಸೆಸ್ ಪಟ್ಟಕ್ಕೆ ಬಂದು 29ನೆಯ ವರ್ಷ. ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಇಂದಿನ ಲಕ್ಸರ್ ಪಟ್ಟಣದ ಎದುರಿಗೆ, ಈಗ ದೇರ್ ಎಲ್ ಮದೀನ ಎಂದು ಕರೆಯುವ ಒಂದು ಊರಿತ್ತು. ರಾಜರ ಗೋರಿಗಳನ್ನು ಬಂಡೆಯಲ್ಲಿ ಕೊರೆದು, ಅವುಗಳ ಗೋಡೆಗೆ ಚಿತ್ರ ಬರೆಯುವ ಕುಶಲಕರ್ಮಿಗಳು ಅಲ್ಲಿ ವಾಸವಾಗಿದ್ದರು. ಅವರ ಸಂಬಳವೆಂದರೆ ಕಾಳು: ರೊಟ್ಟಿಗೆ ಗೋಧಿ, ಬಿಯರಿಗೆ ಬಾರ್ಲಿ. ಆ ಕಾಳು ಬರುವುದು ತಡವಾಗುತ್ತ ಹೋಗಿ, ಕೊನೆಗೊಂದು ದಿನ ಅವರೆಲ್ಲ ಕೆಲಸ ಬಿಟ್ಟು, ಐದು ಗೋಡೆಗಳನ್ನು ದಾಟಿ ಹೊರಬಂದು, ಮೂರನೆಯ ಥುತ್ಮೋಸನ ದೇವಾಲಯದ ಹಿಂದೆ ಕುಳಿತುಬಿಟ್ಟರು. ಬರಹದಲ್ಲಿ ದಾಖಲಾಗಿರುವ ಮುಷ್ಕರಗಳಲ್ಲಿ ಅತ್ಯಂತ ಹಳೆಯದೆಂದು ಹೆಸರಾದದ್ದು ಇದೇ. ಅದರ ವಿವರವಿರುವ ಪಪೈರಸ್, ಎಂದರೆ ಜೊಂಡಿನ ಹಾಳೆ, ಈಗ ಇಟಲಿಯ ಟ್ಯುರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಹಸಿವು ಬಾಯಾರಿಕೆಗಳೇ ತಮ್ಮನ್ನು ಇಲ್ಲಿಗೆ ತಂದವು, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ ಎಂದು ಅವರು ಅಧಿಕಾರಿಗಳಿಗೆ ಹೇಳುತ್ತಾರೆ. ಈ ಸಂಗತಿಯನ್ನು ತಮ್ಮ ಒಳ್ಳೆಯ ಒಡೆಯನಾದ ಫೇರೋಗೆ ತಿಳಿಸಿ ಎಂದೂ ಕೇಳಿಕೊಳ್ಳುತ್ತಾರೆ.

ಆ ಕಡೆಯ ಮಾತಿನ ಪದಗಳನ್ನು ಬಿಡಿಸಿ ಓದಿದರೆ ಅವರು ಹೇಳುತ್ತಿರುವುದು ‘ದೊಡ್ಡಮನೆಗೆ ತಿಳಿಸಿ’ ಎಂದು.

ಇಷ್ಟು ಸಾದಾ ಅರ್ಥದ ಮಾತೊಂದು ಪ್ರಪಂಚದ ಅತ್ಯಂತ ಗಂಭೀರವಾದ ರಾಜಪದವಿಯ ಹೆಸರಾಗಿ ಬೆಳೆಯಿತು. ಅದರ ಬೆಳವಣಿಗೆಯಲ್ಲಿ ರಾಜರ ಪಾಲು ಬಹಳ ಕಡಿಮೆ. ಗುಮಾಸ್ತರು, ಕೂಲಿಕಾರರು, ನೆರೆದೇಶದ ಬರಹಗಾರರು, ತಪ್ಪು ಕೇಳಿಸಿಕೊಂಡ ಪ್ರವಾಸಿಗಳು, ಇವರೆಲ್ಲರ ಬಾಯಲ್ಲಿ ಬೆಳೆದ ಪದ ಇದು.

ಮೂಲದಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ‘ಪೆರ್’, ಎಂದರೆ ಮನೆ. ಚಿತ್ರಲಿಪಿಯಲ್ಲಿ ಅದನ್ನು ಮನೆಯ ನಕ್ಷೆಯಂತೆಯೇ ಬರೆಯುತ್ತಿದ್ದರು: ಒಂದು ಆಯತ, ಕೆಳಗಿನ ಗೆರೆಯ ನಡುವೆ ಬಾಗಿಲಿಗೆಂದು ಬಿಟ್ಟ ಜಾಗ. ಎರಡನೆಯದು ‘ಆ’, ಎಂದರೆ ದೊಡ್ಡದು, ಹಿರಿದು. ಅದರ ಗುರುತು ಅಡ್ಡ ಮಲಗಿಸಿದ ಮರದ ಕಂಬ. ಎರಡೂ ಸೇರಿ ‘ಪೆರ್-ಆ’. ಈಜಿಪ್ಟಿನವರು ಸ್ವರಗಳನ್ನು ಬರೆಯುತ್ತಿರಲಿಲ್ಲವಾದ್ದರಿಂದ ಇದು ವಿದ್ವಾಂಸರು ಅನುಕೂಲಕ್ಕಾಗಿ ಮಾಡಿಕೊಂಡ ಉಚ್ಚಾರಣೆ. ‘ಆ’ಕಾರದ ಮೊದಲು ಗಂಟಲಿನ ಆಳದಿಂದ ಬರುವ ಒಂದು ವ್ಯಂಜನವೂ ಇತ್ತು. ಅರಬ್ಬಿಯಲ್ಲಿ ‘ಐನ್’ ಎಂಬ ಅಕ್ಷರಕ್ಕೆ ಇರುವ ಧ್ವನಿ ಅದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ.

ಕನ್ನಡಿಗರಿಗೆ ಇಲ್ಲಿ ಒಂದು ಜಾರುವ ಜಾಗವಿದೆ. ಹಳಗನ್ನಡದಲ್ಲಿ ‘ಪೆರ್’ ಎಂದರೆ ದೊಡ್ಡದು. ಪೆರ್ಗಡೆ ಹೆಗ್ಗಡೆಯಾದದ್ದು, ಕೃಷ್ಣಾ ನದಿಗೆ ಪೆರ್ದೊರೆ ಎಂಬ ಹೆಸರಿದ್ದದ್ದು ಈ ಪದದಿಂದಲೇ. ಹಾಗಾಗಿ ಪೆರ್-ಆ ಎಂಬುದನ್ನು ಕಂಡೊಡನೆ ನಂಟು ಹೊಂದಿಸುವ ಆಸೆ ಹುಟ್ಟಬಹುದು. ಆದರೆ ಈಜಿಪ್ಟಿನ ಪೆರ್ ಮನೆ. ದೊಡ್ಡದು ಎಂಬ ಅರ್ಥವಿರುವುದು ಅದರ ಪಕ್ಕದ ತುಂಡಿಗೆ. ಧ್ವನಿ ಹೋಲುವ ಕಡೆ ಅರ್ಥ ಹೋಲುವುದಿಲ್ಲ, ಅರ್ಥ ಹೋಲುವ ಕಡೆ ಧ್ವನಿ ಇಲ್ಲ.

ಅರ್ಥದ ಮಟ್ಟಿಗೆ ಮಾತ್ರ ನಮ್ಮ ಮಲೆನಾಡಿನ ‘ದೊಡ್ಡಮನೆ’ ಒಳ್ಳೆಯ ಕೈದೀಪ. ಊರಿನ ಹಿರಿಯ ಜಮೀನುದಾರರ ಮನೆಗೆ ಮೊದಲು ಆ ಹೆಸರು ಬರುತ್ತದೆ. ಬರಬರುತ್ತ ‘ದೊಡ್ಡಮನೆಯ ಅಪ್ಪಣೆಯಾಗಬೇಕು’, ‘ದೊಡ್ಡಮನೆಗೆ ಸಿಟ್ಟು ಬಂದಿದೆ’ ಎಂಬ ಮಾತುಗಳು ಹುಟ್ಟುತ್ತವೆ. ಸಿಟ್ಟು ಬರುವುದು ಗೋಡೆಗಲ್ಲ ಎಂದು ಎಲ್ಲರಿಗೂ ಗೊತ್ತು. ಯಜಮಾನರ ಹೆಸರು ಹಿಡಿದು ಮಾತಾಡುವ ಸಲಿಗೆ ಯಾರಿಗೂ ಇಲ್ಲದಿರುವಾಗ ಮನೆ ಮುಂದೆ ಬಂದು ನಿಲ್ಲುತ್ತದೆ.

ಈಗ ಪಿರಮಿಡ್ಡುಗಳ ಕಾಲಕ್ಕೆ ಹೋಗೋಣ. ಗೀಜಾದ ಮಹಾ ಪಿರಮಿಡ್ಡನ್ನು ಕಟ್ಟಿಸಿದ ಖುಫುವನ್ನು ಎಲ್ಲ ಪುಸ್ತಕಗಳೂ ಫೇರೋ ಎನ್ನುತ್ತವೆ. ಖುಫುವಿನ ಎದುರಿಗೇ ಯಾರಾದರೂ ಅವನನ್ನು ಪೆರ್-ಆ ಎಂದು ಕರೆದಿದ್ದರೆ ಅದು ತನ್ನನ್ನು ಕುರಿತ ಮಾತೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಆ ಕಾಲದಲ್ಲಿ, ಎಂದರೆ ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿ, ಪೆರ್-ಆ ಎಂದರೆ ಅರಮನೆ, ಅದರ ಆಡಳಿತ, ಅದರ ಆಸ್ತಿ, ಅದರ ನೌಕರವರ್ಗ. ಅಧಿಕಾರಿಗಳ ಪದವಿಗಳಲ್ಲಿ ಅದು ಒಂದು ತುಂಡಾಗಿ ಬರುತ್ತದೆ. ‘ದೊಡ್ಡಮನೆಯ ಆಪ್ತ’ ಎಂಬಂತೆ. ಇಂಥ ಮನೆಗಳು ಆ ರಾಜ್ಯದಲ್ಲಿ ಬೇರೆಯೂ ಇದ್ದವು. ಗ್ರಂಥಗಳನ್ನು ನಕಲು ಮಾಡುತ್ತಿದ್ದ ಜಾಗಕ್ಕೆ ‘ಬದುಕಿನ ಮನೆ’ ಎಂದು ಹೆಸರು. ಖಜಾನೆಗೆ ‘ಪೆರ್-ಹೆಜ್’, ಎಂದರೆ ಬಿಳಿಮನೆ! ವಾಷಿಂಗ್ಟನ್ನಿನ ಶ್ವೇತಭವನಕ್ಕಿಂತ ನಾಲ್ಕು ಸಾವಿರ ವರ್ಷ ಹಿಂದೆಯೇ ಈಜಿಪ್ಟಿನ ಗುಮಾಸ್ತರು ಬಿಳಿಮನೆಗೆ ತೆರಿಗೆ ಲೆಕ್ಕ ಒಪ್ಪಿಸುತ್ತಿದ್ದರು.

ಹಾಗಾದರೆ ದೊರೆಯನ್ನು ಏನೆಂದು ಕರೆಯುತ್ತಿದ್ದರು? ಸಾಮಾನ್ಯವಾಗಿ ‘ನೆಸು’, ಎಂದರೆ ರಾಜ. ಪೂರ್ಣ ಗೌರವದಿಂದ ಹೇಳುವಾಗ ‘ನೆಸು-ಬಿತಿ’, ಜೊಂಡಿನವನು ಮತ್ತು ಜೇನುನೊಣದವನು. ಜೊಂಡು ದಕ್ಷಿಣ ಈಜಿಪ್ಟಿನ ಗುರುತು, ಜೇನುನೊಣ ಉತ್ತರದ ನೈಲ್ ಮುಖಜಭೂಮಿಯ ಗುರುತು. ಎರಡೂ ನಾಡುಗಳ ಅರಸ ಎಂದು ತಾತ್ಪರ್ಯ. ಇದಲ್ಲದೆ ಬರಬರುತ್ತ ಪ್ರತಿಯೊಬ್ಬ ರಾಜನಿಗೂ ಐದು ಹೆಸರುಗಳ ಬಿರುದಾವಳಿ ಇರುತ್ತಿತ್ತು. ಗಿಡುಗದೇವತೆ ಹೋರಸ್‌ನ ಹೆಸರಲ್ಲಿ ಒಂದು, ರಣಹದ್ದು ಮತ್ತು ನಾಗರಹಾವಿನ ರೂಪದ ಇಬ್ಬರು ದೇವಿಯರ ಹೆಸರಲ್ಲಿ ಒಂದು, ಬಂಗಾರದ ಹೋರಸ್ ಎಂದು ಇನ್ನೊಂದು, ಪಟ್ಟಕ್ಕೇರಿದಾಗ ಇಟ್ಟ ನೆಸು-ಬಿತಿ ಹೆಸರು, ಕೊನೆಗೆ ‘ಸೂರ್ಯಪುತ್ರ’ ಎಂಬ ಬಿರುದಿನ ಜೊತೆ ಹುಟ್ಟಿನ ಹೆಸರು. ಕೊನೆಯ ಎರಡನ್ನು ಹಗ್ಗದ ಕುಣಿಕೆಯಂತಿರುವ ಉದ್ದನೆಯ ಚೌಕಟ್ಟಿನೊಳಗೆ ಬರೆಯುತ್ತಿದ್ದರು. ಅದಕ್ಕೆ ಕಾರ್ಟೂಷ್ ಎಂದು ಹೆಸರಿಟ್ಟವರು ನೆಪೋಲಿಯನ್ನನ ಸೈನಿಕರು. ಅವರ ಕಣ್ಣಿಗೆ ಅದು ಬಂದೂಕಿನ ತೋಟಾದಂತೆ ಕಂಡಿತು. ಬಹುಕಾಲ ನಡೆದುಬಂದ ಈ ಐದು ಹೆಸರುಗಳ ಪದ್ಧತಿಯಲ್ಲಿ ಪೆರ್-ಆ ಎಂಬುದಕ್ಕೆ ಎಲ್ಲಿಯೂ ಸ್ಥಾನವಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಆದರೂ ರಾಜನಿಗೂ ಮನೆಗೂ ಇದ್ದ ನಂಟು ಬರಹದಷ್ಟೇ ಹಳೆಯದು. ಕಾರ್ಟೂಷ್ ಬರುವುದಕ್ಕೂ ಮುಂಚೆ ದೊರೆಯ ಹೆಸರನ್ನು ‘ಸೆರೆಖ್’ ಎಂಬ ಚೌಕಟ್ಟಿನಲ್ಲಿ ಬರೆಯುತ್ತಿದ್ದರು. ಅದು ಇಟ್ಟಿಗೆ ಅರಮನೆಯ ಮುಂಭಾಗದ ಚಿತ್ರ. ಮೇಲೆ ಒಂದು ಗಿಡುಗ ಕುಳಿತಿರುತ್ತದೆ. ಕ್ರಿ.ಪೂ. 3100ರ ಸುಮಾರಿನ, ನಾರ್ಮರ್ ಎಂಬ ದೊರೆಯ ಪ್ರಸಿದ್ಧ ಕಲ್ಲಿನ ಫಲಕದ ನೆತ್ತಿಯ ಮೇಲೆ ಅವನ ಹೆಸರು ಇರುವುದು ಇಂಥ ಅರಮನೆಯ ಚಿತ್ರದೊಳಗೇ, ಗಿಡುಗವಿಲ್ಲದೆ. ಮನೆಯ ಹೆಸರನ್ನು ಮನೆಯಲ್ಲಿರುವವರಿಗೆ ಹಚ್ಚುವುದೂ ಆ ಭಾಷೆಗೆ ಹೊಸದೇನಲ್ಲ. ಹಾಥೊರ್ ಎಂಬ ದೊಡ್ಡ ದೇವಿಯ ಹೆಸರಿನ ಅರ್ಥ ‘ಹೋರಸನ ಮನೆ’. ನಾವು ಈಜಿಪ್ಟ್ ಎನ್ನುವ ದೇಶದ ಹೆಸರೂ ಹೀಗೆಯೇ ಒಂದು ಕಟ್ಟಡದಿಂದ ಬಂದದ್ದು. ಮೆಂಫಿಸ್ ನಗರದಲ್ಲಿದ್ದ ಪ್ತಾಹ್ ದೇವರ ಆಲಯ ‘ಹುತ್-ಕಾ-ಪ್ತಾಹ್’. ಆಲಯದ ಹೆಸರು ನಗರಕ್ಕೆ ಬಂದು, ಗ್ರೀಕರ ಬಾಯಲ್ಲಿ ‘ಐಗುಪ್ತೊಸ್’ ಎಂದಾಗಿ ಇಡೀ ನಾಡಿಗೆ ಹರಡಿತು. ಕನ್ನಡ ಬೈಬಲ್ ಓದುವವರಿಗೆ ‘ಐಗುಪ್ತ’ ಚಿರಪರಿಚಿತ. ಹೊರಗಿನವರು ಆ ದೇಶವನ್ನು ಒಂದು ಮನೆಯ ಹೆಸರಿನಿಂದ, ಅದರ ದೊರೆಯನ್ನು ಇನ್ನೊಂದು ಮನೆಯ ಹೆಸರಿನಿಂದ ಕರೆದರು.

ಪೆರ್-ಆ ಗೋಡೆಗಳಿಂದ ಹೊರಬಂದು ಮನುಷ್ಯನಾದದ್ದು ಒಂದೇ ದಿನದಲ್ಲಿ ಅಲ್ಲ. 12ನೆಯ ರಾಜವಂಶದ ಹೊತ್ತಿಗೆ, ಎಂದರೆ ಕ್ರಿ.ಪೂ. 20-19ನೆಯ ಶತಮಾನಗಳಲ್ಲಿ, ಈ ಪದದ ಬೆನ್ನಿಗೆ ಒಂದು ಹರಕೆ ಸೇರಿಕೊಂಡಿತು: ‘ಆಯುಸ್ಸು, ಕ್ಷೇಮ, ಆರೋಗ್ಯ ಇರಲಿ’. ಅರ್ಥ ಇನ್ನೂ ಅರಮನೆಯೇ. ಆದರೆ ಕಟ್ಟಡಕ್ಕೆ ಆರೋಗ್ಯ ಹಾರೈಸುವವನ ಮನಸ್ಸಿನಲ್ಲಿ ಯಾರಿದ್ದಾರೆಂದು ಊಹಿಸುವುದು ಕಷ್ಟವಲ್ಲ. ಮುಂದೆ ಈ ಮೂರು ಹಾರೈಕೆಗಳನ್ನು ಬರೆದು ಬರೆದು ಬೇಸತ್ತ ಲಿಪಿಕಾರರು ಅದನ್ನು ಮೂರೇ ಗುರುತುಗಳ ಸಂಕ್ಷೇಪಕ್ಕೆ ಇಳಿಸಿದರು.

ದೊರೆಯನ್ನು ನೇರವಾಗಿ ಹೆಸರಿಸದೆ ಸುತ್ತುಬಳಸಿ ಹೇಳುವುದು ಆ ದರ್ಬಾರಿನ ವಾಡಿಕೆಯಾಗಿತ್ತು. ‘ಅವನು ಅಪ್ಪಣೆ ಕೊಟ್ಟನು’ ಎಂದು ಬರೆಯುವಂತಿಲ್ಲ, ‘ಹೆಮ್-ಎಫ್’ ಎನ್ನಬೇಕು. ಅದನ್ನು ನಾವು ‘ಮಹಾಪ್ರಭುಗಳು’ ಎಂದು ಅನುವಾದಿಸಿಕೊಳ್ಳಬಹುದು. ಇನ್ನೂ ಮುಂದಿನ ಕಾಲದ ಬರಹಗಳಲ್ಲಿ ರಾಜನಿಗೆ ಬರೀ ಒಂದು ಅನಿರ್ದಿಷ್ಟ ಸರ್ವನಾಮ ಬಳಸುತ್ತಾರೆ. ‘ಯಾರೋ ಒಬ್ಬರು’ ಎಂಬಂತೆ, ಆ ಒಬ್ಬರು ಯಾರೆಂದು ಕೇಳುವ ಅಗತ್ಯವೇ ಇಲ್ಲದಂತೆ. ಇಂಥ ನಾಡಿನಲ್ಲಿ ‘ದೊಡ್ಡಮನೆ’ ಎಂಬುದು ದೊರೆಯ ಹೆಸರಾಗದೆ ಉಳಿದಿದ್ದರೇ ಆಶ್ಚರ್ಯ.

ಒಬ್ಬ ನಿರ್ದಿಷ್ಟ ದೊರೆಯನ್ನು ಪೆರ್-ಆ ಎಂದು ಕರೆದಿರುವುದಕ್ಕೆ ಖಚಿತವಾದ ಹಳೆಯ ಸಾಕ್ಷಿಯೆಂದು ಸಾಮಾನ್ಯವಾಗಿ ತೋರಿಸುವುದು ಒಂದು ಪತ್ರವನ್ನು. ಫಯೂಮ್ ಪ್ರದೇಶದ ಗುರೋಬ್ ಎಂಬಲ್ಲಿ ಸಿಕ್ಕ ಪಪೈರಸ್ ಅದು. ಬರೆದವನು ಮೆಂಫಿಸ್ ನಗರದ ಮೇಲ್ವಿಚಾರಕ ಅಪಿ. ಬರೆದದ್ದು ನಾಲ್ಕನೆಯ ಆಮೆನ್‌ಹೋಟೆಪ್‌ಗೆ, ಅವನ ಆಳ್ವಿಕೆಯ ಐದನೆಯ ವರ್ಷದಲ್ಲಿ. ಕ್ರಿ.ಪೂ. 14ನೆಯ ಶತಮಾನದ ನಡುಭಾಗ. ಪತ್ರದ ವಿಷಯ ತೀರ ಸಪ್ಪೆ. ಪ್ತಾಹ್ ದೇವಾಲಯದಲ್ಲಿ ಎಲ್ಲ ಸರಿಯಾಗಿದೆ, ದೇವರುಗಳ ನೈವೇದ್ಯಕ್ಕೆ ಏನೂ ಕಡಿಮೆಯಾಗಿಲ್ಲ ಎಂಬ ವರದಿ. ಆದರೆ ಎರಡು ಕಾರಣಕ್ಕೆ ಈ ಕಾಗದ ಅಮೂಲ್ಯವಾಗಿದೆ. ಒಂದು, ಅದರ ವಿಳಾಸ: ‘ದೊಡ್ಡಮನೆ, ಆಯುಸ್ಸು ಕ್ಷೇಮ ಆರೋಗ್ಯ ಇರಲಿ, ಒಡೆಯ’ ಎಂದು. ಎರಡು, ಆ ದೊರೆ ಆಮೆನ್‌ಹೋಟೆಪ್ ಎಂಬ ತನ್ನ ಹಳೆಯ ಹೆಸರಿನಲ್ಲಿ ಕಾಣಿಸಿಕೊಳ್ಳುವ ಕೊನೆಯ ತಾರೀಖಿನ ದಾಖಲೆ ಇದೇ. ಒಂದು ತಿಂಗಳೊಳಗೆ ಅವನು ಹೊಸ ರಾಜಧಾನಿಯ ಗಡಿಕಲ್ಲುಗಳ ಮೇಲೆ ಅಖೆನಾತೆನ್ ಆಗಿದ್ದ; ಆಮುನ್ ದೇವರನ್ನು ಬಿಟ್ಟು ಸೂರ್ಯಬಿಂಬವಾದ ಆತೆನ್‌ನತ್ತ ತಿರುಗಿದ್ದ. ಇದಕ್ಕಿಂತ ಸುಮಾರು ನೂರು ವರ್ಷ ಮುಂಚಿನ ಮೂರನೆಯ ಥುತ್ಮೋಸನ ಕಾಲದಲ್ಲಿಯೇ ಈ ಬಳಕೆ ಇತ್ತೆಂದು ವಾದಿಸುವವರೂ ಇದ್ದಾರೆ. ಏನೇ ಆದರೂ ಪದ ಮನೆಯಿಂದ ಮನುಷ್ಯನಿಗೆ ದಾಟಿದ್ದು 18ನೆಯ ರಾಜವಂಶದಲ್ಲಿ.

ಇದೇ ಅಖೆನಾತೆನ್ನನ ರಾಜಧಾನಿ ಅಮಾರ್ನಾದಲ್ಲಿ 1887ರಲ್ಲಿ ಮಣ್ಣಿನ ಹಲಗೆಗಳು ಸಿಕ್ಕವು. ಈಗ ಒಟ್ಟು ಸುಮಾರು 380 ಇವೆ. ಬ್ಯಾಬಿಲೋನ್, ಮಿತಾನಿ (ಉತ್ತರ ಸಿರಿಯಾದ ರಾಜ್ಯ) ಮೊದಲಾದ ಕಡೆಯ ದೊರೆಗಳೂ ಕಾನಾನ್ (ಇಂದಿನ ಇಸ್ರೇಲ್-ಪ್ಯಾಲೆಸ್ಟೈನ್ ಸುತ್ತಿನ) ನಾಡಿನ ಪಾಳೆಯಗಾರರೂ ಈಜಿಪ್ಟಿಗೆ ಬರೆದ ಪತ್ರಗಳೇ ಅವುಗಳಲ್ಲಿ ಬಹುಪಾಲು. ಬರೆದ ಭಾಷೆ ಹೆಚ್ಚಾಗಿ ಅಕ್ಕಾಡಿಯನ್, ಆ ಕಾಲದ ರಾಯಭಾರದ ಭಾಷೆ. ದೊರೆಗಳು ಬರೆಯುವಾಗ ಸಂಬೋಧನೆ ‘ಈಜಿಪ್ಟಿನ ರಾಜ, ನನ್ನ ಸೋದರ’ ಎಂದು; ಪಾಳೆಯಗಾರರು ಬರೆಯುವಾಗ ‘ರಾಜ, ನನ್ನ ಒಡೆಯ, ನನ್ನ ಸೂರ್ಯ’ ಎಂದು. ಫೇರೋ ಎಂಬ ಮಾತೇ ಇಲ್ಲ. ಪದ ಹುಟ್ಟಿದ ಶತಮಾನದಲ್ಲಿ ಹೊರನಾಡಿನವರಿಗೆ ಅದಿನ್ನೂ ಕೇಳಿಸಿರಲಿಲ್ಲ ಎಂದು ಇದರಿಂದ ತಿಳಿಯುತ್ತದೆ. ಅದು ಒಳಮನೆಯ ಮಾತು, ಕಚೇರಿಯ ಮಾತು, ಬೀದಿಯ ಮಾತು. 19 ಮತ್ತು 20ನೆಯ ರಾಜವಂಶಗಳ ಪತ್ರ, ಕೋರ್ಟು ವಿಚಾರಣೆ, ಲೆಕ್ಕಪತ್ರ, ಕಥೆಗಳಲ್ಲಿ ಅದು ತುಂಬಿಹೋಗಿದೆ. ಮುಷ್ಕರದ ಪಪೈರಸ್ ಅಂಥದ್ದೇ. ದೇವಾಲಯದ ಗೋಡೆಗಳ ಮೇಲೆ ಮಾತ್ರ ಹಳೆಯ ನೆಸು-ಬಿತಿಯೇ ಗಂಭೀರವಾಗಿ ಕುಳಿತಿತ್ತು.

ಇನ್ನೊಂದು ಮೆಟ್ಟಿಲು ಉಳಿದಿತ್ತು. ಅಲ್ಲಿಯವರೆಗೆ ಪೆರ್-ಆ ಒಂಟಿಯಾಗಿ ಬರುತ್ತಿತ್ತು, ಹೆಸರಿನ ಜೊತೆಯಲ್ಲಲ್ಲ. ‘ಫೇರೋ ಹೇಳಿದನು’ ಎನ್ನುತ್ತಿದ್ದರೇ ಹೊರತು ‘ಫೇರೋ ರಾಮ್ಸೆಸ್’ ಎನ್ನುತ್ತಿರಲಿಲ್ಲ. ಕ್ರಿ.ಪೂ. 10ನೆಯ ಶತಮಾನದಲ್ಲಿ, 21ನೆಯ ರಾಜವಂಶದ ಸಿಯಾಮುನ್ ದೊರೆಯ 17ನೆಯ ವರ್ಷದ, ಕಾರ್ನಾಕ್ ದೇವಾಲಯದ ಪುರೋಹಿತರ ದಾಖಲೆಯಲ್ಲಿ ‘ಫೇರೋ ಸಿಯಾಮುನ್’ ಎಂದು ಮೊದಲ ಬಾರಿಗೆ ಎರಡೂ ಜೊತೆಯಾಗಿ ಬರುತ್ತವೆ. ಆಮೇಲೆ ಬಂದ 22ನೆಯ ರಾಜವಂಶದ ಶೋಶೆಂಕ್ ದೊರೆಗಳ ಕಾಲಕ್ಕೆ ಇದು ಸಾಮಾನ್ಯ ಬಳಕೆಯಾಯಿತು.

ಬೈಬಲಿನ ಹಳೆಯ ಒಡಂಬಡಿಕೆಯನ್ನು ಈ ಕಾಲಾನುಕ್ರಮದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಯೋಸೇಫನ ಕಾಲದ ರಾಜನೂ ಮೋಶೆಯ ಕಾಲದ ರಾಜನೂ ಅಲ್ಲಿ ಬರೀ ‘ಫರೋಹ’, ಎಂದರೆ ಫೇರೋ. ಅವರಿಗೆ ಸ್ವಂತ ಹೆಸರಿಲ್ಲ. ಮೋಶೆಯನ್ನು ಎದುರಿಸಿದ ಫರೋಹ ಯಾರೆಂದು ಜನ ಇಂದಿಗೂ ಜಗಳವಾಡುವುದು ಅದಕ್ಕೇ. ಜೆರುಸಲೇಮಿನ ಮೇಲೆ ದಂಡೆತ್ತಿ ಬಂದ ಶೀಶಕ್, ಎಂದರೆ ಶೋಶೆಂಕ್, ‘ಐಗುಪ್ತದ ಅರಸ’ ಮಾತ್ರ. ಅವನಿಗೆ ಫರೋಹ ಎಂಬುದೇ ಇಲ್ಲ. ಕ್ರಿ.ಪೂ. 7-6ನೆಯ ಶತಮಾನಗಳಿಗೆ ಬಂದರೆ ‘ಫರೋಹ ನೆಕೋ’, ‘ಫರೋಹ ಹೊಫ್ರ’ ಎಂದು ಪದವಿಯೂ ಹೆಸರೂ ಒಟ್ಟಿಗೆ ಬರುತ್ತವೆ. ಹೆಚ್ಚುಕಡಿಮೆ ಈಜಿಪ್ಟಿನೊಳಗಿನ ಬಳಕೆಯ ದಾರಿಯೇ ಇದು. ಹಾಗೆಂದು ಹಳೆಯ ಕಥೆಗಳ ಪದಬಳಕೆ ಆ ಕಥೆಗಳು ನಡೆದವೆನ್ನುವ ಕಾಲದ್ದು ಎಂದು ವಾದಿಸಲು ಬರುವುದಿಲ್ಲ. ಅಬ್ರಹಾಮನ ಕಾಲಕ್ಕೆ ಹೇಳುವ ಯಾವ ಶತಮಾನದಲ್ಲಿಯೂ ಪೆರ್-ಆ ಎಂದರೆ ಕಟ್ಟಡವೇ ಆಗಿತ್ತು. ಬರೆದವರು ತಮ್ಮ ಕಾಲದ ಮಾತನ್ನು ಹಿಂದಕ್ಕೆ ಹಚ್ಚಿದ್ದಾರೆ. ನಾವು ಖುಫುವಿಗೆ ಮಾಡಿದ್ದೂ ಅದನ್ನೇ.

ಪದ ಗಡಿ ದಾಟಿದೊಡನೆ ಗೊಂದಲಗಳೂ ಹುಟ್ಟಿದವು. ಅಸೀರಿಯಾದ ಎರಡನೆಯ ಸರ್ಗೋನ್ ಕ್ರಿ.ಪೂ. 715ರ ಸುಮಾರಿಗೆ ಕಪ್ಪಕಾಣಿಕೆಗಳ ಪಟ್ಟಿಯಲ್ಲಿ ‘ಮುಸ್ರಿಯ ರಾಜ ಪಿರು’ ಎಂದು ಬರೆಸುತ್ತಾನೆ. ಮುಸ್ರಿ ಎಂದರೆ ಈಜಿಪ್ಟ್. ಪಿರು ಎಂಬುದು ಪದವಿಯೆಂದು ಅವನ ಲಿಪಿಕಾರನಿಗೆ ತಿಳಿದಂತಿಲ್ಲ. ಅರೇಬಿಯಾದ ರಾಣಿ ಸಂಸಿಯ ಹೆಸರಿನ ಪಕ್ಕದಲ್ಲಿ ಅದೂ ಒಬ್ಬನ ಹೆಸರೆಂಬಂತೆ ಕುಳಿತಿದೆ.

ಇದಕ್ಕಿಂತ ರಸವತ್ತಾದದ್ದು ಹೆರೊಡೊಟಸ್ ಕೇಳಿಸಿಕೊಂಡ ಕಥೆ. ಕ್ರಿ.ಪೂ. 5ನೆಯ ಶತಮಾನದಲ್ಲಿ ಈಜಿಪ್ಟ್ ಸುತ್ತಿದ ಈ ಗ್ರೀಕ್ ಇತಿಹಾಸಕಾರ ಸೆಸೊಸ್ಟ್ರಿಸ್ ಎಂಬ ರಾಜನ ನಂತರ ಅವನ ಮಗ ‘ಫೆರೊಸ್’ ಪಟ್ಟಕ್ಕೆ ಬಂದನೆಂದು ಬರೆಯುತ್ತಾನೆ. ನೈಲ್ ನದಿ ಉಕ್ಕಿ ಹರಿದಾಗ ಸಿಟ್ಟಿನಿಂದ ಅದರ ಸುಳಿಗೆ ಈಟಿ ಎಸೆದು ಈ ಫೆರೊಸ್ ಕುರುಡನಾದನಂತೆ. ಹತ್ತು ವರ್ಷ ಕಳೆದು ಹನ್ನೊಂದನೆಯದರಲ್ಲಿ ಬೂಟೊ ಪಟ್ಟಣದಿಂದ ದೈವವಾಣಿ ಬಂತು: ಗಂಡನನ್ನಲ್ಲದೆ ಬೇರೆ ಪುರುಷರನ್ನು ಕೂಡದ ಹೆಂಗಸಿನ ಮೂತ್ರದಿಂದ ಕಣ್ಣು ತೊಳೆದುಕೊಂಡರೆ ದೃಷ್ಟಿ ಮರಳುತ್ತದೆ. ಮೊದಲು ತನ್ನ ರಾಣಿಯದರಿಂದಲೇ ಪ್ರಯತ್ನಿಸಿದ. ಫಲವಿಲ್ಲ. ಒಬ್ಬರಾದ ಮೇಲೆ ಒಬ್ಬರಂತೆ ಎಷ್ಟೋ ಹೆಂಗಸರಾದ ಮೇಲೆ ಒಬ್ಬಳಿಂದ ಕಣ್ಣು ಬಂತು. ಉಳಿದವರನ್ನೆಲ್ಲ ಒಂದು ಪಟ್ಟಣದಲ್ಲಿ ಸೇರಿಸಿ ಸುಟ್ಟು, ಆ ಒಬ್ಬಳನ್ನು ಮದುವೆಯಾದ. ಹರಕೆಯಾಗಿ ಸೂರ್ಯದೇವಾಲಯಕ್ಕೆ ಎರಡು ಕಲ್ಲಿನ ಸ್ತಂಭಗಳನ್ನು ಒಪ್ಪಿಸಿದ. ಕಥೆ ಕ್ರೂರವಾದದ್ದು, ಹೇಳಿದವರು ನಗುತ್ತಲೇ ಹೇಳಿರಬೇಕೆಂದು ನನ್ನ ಗುಮಾನಿ. ಫೆರೊಸ್ ಎಂಬ ಹೆಸರಿನ ರಾಜ ಈಜಿಪ್ಟಿನ ಯಾವ ಪಟ್ಟಿಯಲ್ಲಿಯೂ ಇಲ್ಲ. ‘ಒಂದಾನೊಂದು ಕಾಲದಲ್ಲಿ ಪೆರ್-ಆ ಒಬ್ಬನಿದ್ದ’ ಎಂದು ಕಥೆಗಾರ ಶುರುಮಾಡಿದಾಗ ದುಭಾಷಿಯೋ ಪ್ರವಾಸಿಯೋ ಅದನ್ನೇ ಅಂಕಿತನಾಮವೆಂದು ತಿಳಿದದ್ದು ಬಹುಮಟ್ಟಿಗೆ ಖಚಿತ.

ಐದು ಶತಮಾನಗಳ ನಂತರ ಯೆಹೂದಿ ಇತಿಹಾಸಕಾರ ಜೋಸೆಫಸ್ ಈ ವಿಷಯವನ್ನು ಬಿಡಿಸಲು ಹೊರಡುತ್ತಾನೆ. ಫೇರೋ ಎಂದರೆ ಈಜಿಪ್ಟಿನ ಮಾತಿನಲ್ಲಿ ‘ರಾಜ’, ಅಲೆಕ್ಸಾಂಡ್ರಿಯಾದವರು ಪಟ್ಟಕ್ಕೆ ಬಂದಾಗ ಟಾಲೆಮಿ ಆಗುವಂತೆ, ರೋಮಿನವರು ಸೀಸರ್ ಆಗುವಂತೆ ಇದೂ ಎಂದು ವಿವರಿಸುತ್ತಾನೆ. ಮುನ್ನೂರಮೂವತ್ತು ರಾಜರ ಹೆಸರುಗಳನ್ನು ಹೆರೊಡೊಟಸ್ ಹೇಳದೆ ಬಿಟ್ಟದ್ದು ಅವರೆಲ್ಲರಿಗೂ ಫೇರೋ ಎಂಬ ಒಂದೇ ಹೆಸರಿದ್ದುದರಿಂದ ಎಂದೂ ಸೇರಿಸುತ್ತಾನೆ. ಇಸ್ರೇಲಿನ ಅರಸ ಸೊಲೊಮೋನನ ಮಾವನ ನಂತರ ಯಾರನ್ನೂ ಫೇರೋ ಎಂದು ಕರೆಯಲಿಲ್ಲ ಎನ್ನುವಾಗ ಮಾತ್ರ ಅವನು ನೆಕೋ, ಹೊಫ್ರರನ್ನು ಮರೆತೇಬಿಡುತ್ತಾನೆ. ಆದರೂ ‘ರಾಜ’ ಎಂಬ ಅವನ ಅರ್ಥವನ್ನು ತಳ್ಳಿಹಾಕುವಂತಿಲ್ಲ. ಅವನು ಬರೆಯುವ ಹೊತ್ತಿಗೆ, ಕ್ರಿ.ಶ. ಮೊದಲ ಶತಮಾನದ ಕೊನೆಗೆ, ಈಜಿಪ್ಟಿನ ಆಡುಮಾತಿನಲ್ಲಿ ಆ ಪದಕ್ಕೆ ನಿಜವಾಗಿಯೂ ರಾಜ ಎಂಬುದೇ ಅರ್ಥವಾಗಿತ್ತು.

ಅದಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಎಲ್ಲರಿಗೂ ಗೊತ್ತಿರುವ ರೊಸೆಟ್ಟಾ ಶಾಸನ. ಕ್ರಿ.ಪೂ. 196ರಲ್ಲಿ ಐದನೆಯ ಟಾಲೆಮಿಯ ಗೌರವಾರ್ಥ ಪುರೋಹಿತರು ಹೊರಡಿಸಿದ ಆಜ್ಞೆ ಅದು. 1799ರಲ್ಲಿ ಫ್ರೆಂಚ್ ಸೈನಿಕರಿಗೆ ಸಿಕ್ಕಿತು. ಒಂದೇ ವಿಷಯ ಮೂರು ಬರಹಗಳಲ್ಲಿದೆ. ಚಿತ್ರಲಿಪಿಯ ಭಾಗದಲ್ಲಿ ದೊರೆಗೆ ಪ್ರಾಚೀನ ನೆಸು-ಬಿತಿ. ಗ್ರೀಕ್ ಭಾಗದಲ್ಲಿ ‘ಬಸಿಲೆಯುಸ್’. ನಡುವಿನ ಡೆಮೋಟಿಕ್ ಭಾಗದಲ್ಲಿ, ಎಂದರೆ ಜನರ ದಿನಬಳಕೆಯ ಬರಹದಲ್ಲಿ, ಪೆರ್-ಆ. ಗ್ರೀಕ್ ಮೂಲದ ರಾಜವಂಶವೊಂದು ಈಜಿಪ್ಟನ್ನು ಆಳುತ್ತಿದ್ದಾಗಲೂ ಹಳ್ಳಿಯ ಗುಮಾಸ್ತನ ಪಾಲಿಗೆ ಆ ಅರಸ ದೊಡ್ಡಮನೆಯೇ. ನಮ್ಮ ಅಶೋಕ ಚಕ್ರವರ್ತಿ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ‘ತುರಮಾಯ’ ಎಂದು ಹೆಸರಿಸುವುದು ಇದೇ ವಂಶದ ಎರಡನೆಯ ಟಾಲೆಮಿಯನ್ನು. ಅಲ್ಲಿ ಪೆರ್-ಆ ಇಲ್ಲ, ರಾಜ ಎಂಬ ಮಾತಿನ ಜೊತೆ ಹೆಸರಷ್ಟೇ. ಟಾಲೆಮಿಗಳ ಕೊನೆಗಾಲದ ಮತ್ತು ರೋಮನ್ ಕಾಲದ ದೇವಾಲಯಗಳಲ್ಲಿ ಇನ್ನೂ ಒಂದು ವಿಚಿತ್ರ ಕಾಣುತ್ತದೆ. ಗೋಡೆ ಕೆತ್ತುವಾಗ ಸಿಂಹಾಸನದ ಮೇಲೆ ಯಾರಿದ್ದಾರೆಂದು ಬರೆಯುವುದು ಬೇಡವೆನಿಸಿದರೆ ಶಿಲ್ಪಿಗಳು ಕಾರ್ಟೂಷಿನೊಳಗೆ ಬರೀ ‘ಪೆರ್-ಆ’ ಎಂದು ಕೆತ್ತಿ ಮುಂದುವರಿದಿದ್ದಾರೆ. ಯಾರು ಬಂದರೂ ಹೊಂದುವ ಹೆಸರು.

ಇನ್ನು ಧ್ವನಿಯ ವಿಷಯ. ‘ಪೆರ್-ಆ’ ಹೇಗೆ ‘ಫೇರೋ’ ಆಯಿತು? ಕೊನೆಯ ‘ಆ’ ‘ಓ’ ಆದದ್ದು ಈಜಿಪ್ಟಿನೊಳಗೇ. ಕ್ರಿ.ಪೂ. ಎರಡನೆಯ ಸಹಸ್ರಮಾನದ ಕೊನೆಯ ಭಾಗದಲ್ಲಿ ಆ ಭಾಷೆಯ ದೀರ್ಘ ಆಕಾರಗಳು ಓಕಾರಗಳಾದವು. ಹೀಬ್ರೂ ಭಾಷೆ ಪದವನ್ನು ಎತ್ತಿಕೊಂಡದ್ದು ಆಮೇಲೆ. ಹಾಗಾಗಿ ಅಲ್ಲಿ ‘ಪರ್‌ಓ’, ಗಂಟಲಿನ ವ್ಯಂಜನವೂ ಉಳಿದಿದೆ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದವರು ‘ಫರಓ’ ಎಂದು ಬರೆದರು. ಅವರು ಬಳಸಿದ ‘ಫಿ’ ಅಕ್ಷರದ ಅಂದಿನ ಉಚ್ಚಾರ ನಮ್ಮ ‘ಫಲ’ದ ಮಹಾಪ್ರಾಣ ಫ. ತುಟಿ ಹಲ್ಲುಗಳ ನಡುವೆ ಉಸಿರು ಬಿಡುವ, ‘ಆಫೀಸು’ ಎನ್ನುವಾಗಿನ ಧ್ವನಿ ಆ ಅಕ್ಷರಕ್ಕೆ ಬಂದದ್ದು ಮುಂದೆ ಎಷ್ಟೋ ಕಾಲಕ್ಕೆ. ಆದ್ದರಿಂದ ‘ಫೇರೋ’ವನ್ನು ಶುದ್ಧ ಮಹಾಪ್ರಾಣವಾಗಿ ಉಚ್ಚರಿಸುವ ಹಳೆಯ ಕಾಲದ ಕನ್ನಡ ಮೇಷ್ಟರನ್ನು ನೋಡಿ ನಕ್ಕವರು ಸ್ವಲ್ಪ ತಡೆಯಬೇಕಾಗುತ್ತದೆ, ಅಲೆಕ್ಸಾಂಡ್ರಿಯಾದ ಅನುವಾದಕರಿಗೆ ಅವರೇ ಹತ್ತಿರ. ಗ್ರೀಕಿನಿಂದ ಲ್ಯಾಟಿನ್, ಲ್ಯಾಟಿನ್ನಿನಿಂದ ಯುರೋಪಿನ ಭಾಷೆಗಳು, ಇಂಗ್ಲಿಷಿನ ಉಚ್ಚಾರದಿಂದ ನಮ್ಮ ಶಾಲಾಪುಸ್ತಕಗಳ ‘ಫೇರೋ’. ಇನ್ನೊಂದು ಕವಲು ಸಿರಿಯಾಕ್ ಭಾಷೆಯದು. ಅಲ್ಲಿ ಕೊನೆಗೆ ಒಂದು ನಕಾರ ಸೇರಿಕೊಂಡಿತು, ಅದೇ ಅರಬ್ಬಿಯ ‘ಫಿರ್‌ಔನ್’ ಆಯಿತು. ಕನ್ನಡದಲ್ಲಿ ಈ ಒಂದೇ ಪದ ಮೂರು ವೇಷಗಳಲ್ಲಿ ಓಡಾಡುತ್ತಿದೆ: ಇತಿಹಾಸದ ಪಾಠದಲ್ಲಿ ಫೇರೋ, ಕ್ರೈಸ್ತರ ಸತ್ಯವೇದದಲ್ಲಿ ಫರೋಹ, ಮುಸ್ಲಿಂ ಬರಹಗಳಲ್ಲಿ ಫಿರ್‌ಔನ್.

19ನೆಯ ಶತಮಾನದಲ್ಲಿ ಕೆಲವು ಪಂಡಿತರು ಇದನ್ನು ‘ಪ-ರಾ’, ಎಂದರೆ ಸೂರ್ಯ, ಎಂದು ಬಿಡಿಸಿದ್ದರು. ರಾಜ ಸೂರ್ಯಪುತ್ರನಾಗಿದ್ದರಿಂದ ಆ ಊಹೆ ಚೆಂದವಾಗಿಯೇ ಇತ್ತು. ಚಿತ್ರಲಿಪಿಯ ದಾಖಲೆಗಳನ್ನು ಸಾಲಾಗಿ ಓದಲು ಬಂದ ಮೇಲೆ ಅದು ನಿಲ್ಲಲಿಲ್ಲ. ವಿಚಿತ್ರವೆಂದರೆ ಸರಿಯಾದ ಅರ್ಥದ ಎಳೆಯೊಂದು ಗ್ರೀಕ್ ಭಾಷೆಯಲ್ಲಿ ಮೊದಲಿನಿಂದಲೂ ಇತ್ತು. ಕ್ರಿ.ಶ. 5ನೆಯ ಶತಮಾನದ್ದೆನ್ನಲಾದ, ಚಿತ್ರಲಿಪಿಯ ಬಗ್ಗೆ ಕಲ್ಪನೆಯೇ ಹೆಚ್ಚಾಗಿರುವ ಹೊರಪೊಲ್ಲೊನ ಗ್ರಂಥದಲ್ಲಿ, ಲೋಕವನ್ನಾಳುವ ರಾಜನನ್ನು ಸೂಚಿಸಲು ಹಾವು ಬರೆದು ಅದರ ನಡುವೆ ‘ದೊಡ್ಡ ಮನೆ’ಯನ್ನು ತೋರಿಸುತ್ತಾರೆ ಎಂಬ ಒಂದು ಸಾಲಿದೆ.

ತವರಿನಲ್ಲಿ ಮಾತ್ರ ಪದ ತನ್ನ ಹುಟ್ಟನ್ನೇ ಮರೆತಿತ್ತು. ಈಜಿಪ್ಟಿನ ಭಾಷೆಯ ಕೊನೆಯ ಹಂತ ಕಾಪ್ಟಿಕ್; ಇಂದಿಗೂ ಅಲ್ಲಿನ ಕ್ರೈಸ್ತರ ಪ್ರಾರ್ಥನೆಗಳಲ್ಲಿ ಉಳಿದಿದೆ. ಅದರಲ್ಲಿ ಪೆರ್-ಆ ಸವೆದು ಸವೆದು ‘ಪ್ರ್ರೊ’ ಆಯಿತು. ಕಾಪ್ಟಿಕ್ ಭಾಷೆಯಲ್ಲಿ ಪುಲ್ಲಿಂಗದ ನಾಮಪದದ ಮುಂದೆ ‘ಆ, ಇಂಥ’ ಎಂಬರ್ಥದ ‘ಪ್’ ಹತ್ತುತ್ತದೆ, ಸ್ತ್ರೀಲಿಂಗಕ್ಕೆ ‘ತ್’. ಮನೆಯ ನೆನಪೇ ಹೋಗಿದ್ದ ಜನ ‘ಪ್ರ್ರೊ’ದ ಪಕಾರವನ್ನೂ ಅದೇ ಎಂದುಕೊಂಡು ಕತ್ತರಿಸಿಬಿಟ್ಟರು. ಉಳಿದದ್ದು ‘ರ್ರೊ’, ಎಂದರೆ ರಾಜ. ಅದರಿಂದ ರಾಣಿಗೆ ‘ತ್ರ್ರೋ’, ರಾಜ್ಯಕ್ಕೆ ‘ಮ್‌ನ್ತ್‌ರ್ರೊ’ ಎಂಬ ಹೊಸ ಪದಗಳೂ ಹುಟ್ಟಿದವು. ಪೆರ್ ಎಂಬ ಮನೆಯ ಬಾಗಿಲಷ್ಟೇ ಅಲ್ಲ, ಅರ್ಧ ಗೋಡೆಯನ್ನೂ ಕಿತ್ತು ರಾಜನನ್ನು ಕಟ್ಟಿದಂತಾಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಬೈಬಲನ್ನು ಗ್ರೀಕಿನಿಂದ ಕಾಪ್ಟಿಕ್‌ಗೆ ಅನುವಾದಿಸುವಾಗ ‘ಫರಓ’ ಎಂಬ ಹೆಸರು ಎದುರಾಯಿತು. ಅದು ತಮ್ಮದೇ ಪದವೆಂದು ಅನುವಾದಕರಿಗೆ ತೋರಲಿಲ್ಲ. ಗ್ರೀಕ್ ಪದವನ್ನೇ ಎತ್ತಿಕೊಂಡರು. ಹಾಗಾಗಿ ‘ಐಗುಪ್ತದ ಅರಸನಾದ ಫರೋಹನು’ ಎಂಬಲ್ಲಿ ಕಾಪ್ಟಿಕ್ ಬೈಬಲ್ ‘ಫರಓ ಪ್ರ್ರೊ’ ಎನ್ನುತ್ತದೆ. ಪರದೇಶ ಸುತ್ತಿ ಬಂದ ಪದವೂ ಮನೆಯಲ್ಲೇ ಉಳಿದ ಪದವೂ ಅಕ್ಕಪಕ್ಕ ನಿಂತಿವೆ, ಒಂದಕ್ಕೊಂದು ಗುರುತು ಸಿಗದೆ.

ಅರಬ್ಬಿಯಲ್ಲಿ ಪದ ಬೇರೆ ಜಾಡು ಹಿಡಿಯಿತು. ಕುರ್‌ಆನ್ ಯೂಸುಫರ, ಎಂದರೆ ಬೈಬಲಿನ ಯೋಸೇಫನ, ಕಾಲದ ದೊರೆಯನ್ನು ‘ಮಲಿಕ್’, ಎಂದರೆ ರಾಜ, ಎಂದಷ್ಟೇ ಕರೆಯುತ್ತದೆ. ಮೂಸಾರನ್ನು, ಎಂದರೆ ಮೋಶೆಯನ್ನು, ಎದುರಿಸಿದವನು ಮಾತ್ರ ಫಿರ್‌ಔನ್, ತಾನೇ ದೇವರೆಂದು ಮೆರೆದ ದುರಹಂಕಾರಿ. ಹೀಗಾಗಿ ಅರಬ್ಬಿಯಲ್ಲಿ ಆ ಪದದಿಂದ ಒಂದು ಕ್ರಿಯಾಪದವೇ ಹುಟ್ಟಿದೆ, ‘ತಫರ್‌ಅನ’, ಎಂದರೆ ದರ್ಪದಿಂದ ಮೆರೆ. 1981ರ ಅಕ್ಟೋಬರ್ 6ರಂದು ಕೈರೋದ ಸೇನಾ ಕವಾಯತಿನಲ್ಲಿ ಅಧ್ಯಕ್ಷ ಅನ್ವರ್ ಸಾದಾತರನ್ನು ಗುಂಡಿಟ್ಟು ಕೊಂದ ತಂಡದ ಮುಂದಾಳು ‘ಫಿರ್‌ಔನ್‌ನನ್ನು ಕೊಂದೆ’ ಎಂದು ಕೂಗಿದನೆಂದು ವರದಿಯಾಗಿದೆ. ಅದೇ ದೇಶದ ಫುಟ್‌ಬಾಲ್ ತಂಡವನ್ನು ಅಭಿಮಾನಿಗಳು ಹೆಮ್ಮೆಯಿಂದ ‘ಫರಾಇನಾ’, ಫೇರೋಗಳು, ಎಂದು ಕೂಗುತ್ತಾರೆ. 2021ರ ಏಪ್ರಿಲ್ 3ರ ರಾತ್ರಿ 18 ರಾಜರ ಮತ್ತು ನಾಲ್ವರು ರಾಣಿಯರ ಮಮ್ಮಿಗಳನ್ನು ಕೈರೋದ ಬೀದಿಗಳಲ್ಲಿ ಸಾಗಿಸಿ ಹೊಸ ವಸ್ತುಸಂಗ್ರಹಾಲಯಕ್ಕೆ ಕೊಂಡೊಯ್ದಾಗ ಆ ಮೆರವಣಿಗೆಯ ಹೆಸರಿನಲ್ಲಿಯೂ ಫೇರೋಗಳೇ ಇದ್ದರು. ಅವರಲ್ಲಿ ಕುಶಲಕರ್ಮಿಗಳ ಕಾಳು ಬಾಕಿ ಉಳಿಸಿಕೊಂಡಿದ್ದ ಮೂರನೆಯ ರಾಮ್ಸೆಸ್ ಕೂಡ ಒಬ್ಬ.

ನಾವು ಕನ್ನಡದಲ್ಲಿ ಬರೆಯುವಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಅಖೆನಾತೆನ್, ರಾಮ್ಸೆಸ್, ನೆಕೋ ಇವರನ್ನು ಫೇರೋ ಎನ್ನಲು ಯಾವ ಅಡ್ಡಿಯೂ ಇಲ್ಲ. ಅವರ ಪ್ರಜೆಗಳೇ ಹಾಗೆ ಕರೆಯುತ್ತಿದ್ದರು. ಖುಫು, ನಾರ್ಮರ್ ಮೊದಲಾದವರಿಗೆ ‘ದೊರೆ’, ‘ಅರಸ’ ಎಂಬ ನಮ್ಮ ಮಾತುಗಳು ಧಾರಾಳವಾಗಿ ಸಾಕು, ನೆಸು ಎಂಬುದಕ್ಕೆ ಅವೇ ಹತ್ತಿರ. ಬೈಬಲಿನ ಪ್ರಸಂಗ ಬಂದಾಗ ‘ಫರೋಹ’ನನ್ನು ‘ಫೇರೋ’ ಎಂದು ತಿದ್ದಬೇಕಾಗಿಲ್ಲ. ಶಾಲಾಪುಸ್ತಕದ ಪದಕೋಶದಲ್ಲಿ ‘ಫೇರೋ: ಈಜಿಪ್ಟಿನ ರಾಜ’ ಎಂದು ಬರೆಯುವ ಕಡೆ ‘ಮೂಲಾರ್ಥ: ದೊಡ್ಡಮನೆ’ ಎಂದು ಇನ್ನೊಂದು ಸಾಲು ಸೇರಿಸಿದರೆ ಮಕ್ಕಳು ಆ ಪದವನ್ನು ಮತ್ತೆ ಮರೆಯುವುದಿಲ್ಲ.